ನೂರು ಕೋಟಿ ನೆರೆಹೊರೆ

ಹೊಳೆನರಸೀಪುರದ ಅಕ್ಷಾಂಶ ಸುಮಾರು 12.78 ಡಿಗ್ರಿ, ಅರಕಲಗೂಡಿನದು 12.77. ಈ ಒಂದೇ ಸಂಖ್ಯೆಯನ್ನು ನಂಬಿದರೆ ಎರಡೂ ಊರುಗಳ ನಡುವೆ ಇರುವುದು ಒಂದು ಕಿಲೋಮೀಟರಿಗಿಂತ ತುಸು ಹೆಚ್ಚಿನ ದೂರ, ಬೆಳಗಿನ ಕಾಫಿಗೆ ಮುಂಚೆ ನಡೆದು ಹೋಗಿ ಬರಬಹುದು. ರೇಖಾಂಶವನ್ನೂ ನೋಡಿದಾಗ, ಅಂದರೆ 76.24 ಮತ್ತು 76.05ನ್ನೂ ಲೆಕ್ಕಕ್ಕೆ ತಂದಾಗ, ನೇರ ಗೆರೆ ಎಳೆದರೂ ಅಂತರ ಸುಮಾರು 21 ಕಿಲೋಮೀಟರ್ ಆಗುತ್ತದೆ. ಒಂದು ಸಂಖ್ಯೆಯಲ್ಲಿ ಅವಳಿಗಳಂತೆ ಕಂಡ ಊರುಗಳು ಇನ್ನೊಂದು ಸಂಖ್ಯೆ ಸೇರಿದ ಕೂಡಲೇ ಬೇರೆ ಬೇರೆ ತಾಲ್ಲೂಕುಗಳಾಗಿ ದೂರ ಸರಿದವು. ಹಾಸನಕ್ಕೆ 13.00, 76.10. ಚನ್ನರಾಯಪಟ್ಟಣಕ್ಕೆ 12.90, 76.39. ಈ ನಾಲ್ಕು ಜೋಡಿಗಳನ್ನು ಓದುಗರು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಲಿ, ಈ ಅಧ್ಯಾಯದಲ್ಲಿ ಮುಂದೆ ಅವು ಬೇಕಾಗುತ್ತವೆ.

ಕಂಪ್ಯೂಟರ್ ವಿಜ್ಞಾನದಲ್ಲಿ ಸಾದೃಶ್ಯ ಹುಡುಕಾಟ ಎಂಬ ಒಂದು ಕ್ಷೇತ್ರವಿದೆ. ಅದರ ಪ್ರಶ್ನೆಯನ್ನು ಒಂದೇ ಸಾಲಿನಲ್ಲಿ ಹೇಳಬಹುದು. ಸಂಖ್ಯೆಗಳ ಪಟ್ಟಿಗಳ ದೊಡ್ಡ ರಾಶಿಯಿದೆ, ಹೊಸದೊಂದು ಪಟ್ಟಿ ಬರುತ್ತದೆ, ರಾಶಿಯಲ್ಲಿ ಅದಕ್ಕೆ ಅತಿ ಹತ್ತಿರದ್ದು ಯಾವುದು? ಡೊನಾಲ್ಡ್ ಕ್ನೂತ್ 1973ರಲ್ಲಿ ತಮ್ಮ ಗ್ರಂಥದ ಮೂರನೇ ಸಂಪುಟದಲ್ಲಿ ಇದನ್ನು ಅಂಚೆ ಕಚೇರಿಯ ಸಮಸ್ಯೆ ಎಂದು ಕರೆದರು. ಈ ಮನೆಗೆ ಯಾವ ಅಂಚೆ ಕಚೇರಿ ಸಮೀಪ? ನಕ್ಷೆಯ ಮೇಲಿರುವುದು ಎರಡೇ ಆಯಾಮ. ಜಿಲ್ಲೆಯನ್ನು ಚೌಕಗಳಾಗಿ ಕತ್ತರಿಸಿ, ಮನೆಯಿರುವ ಚೌಕ ಮತ್ತು ಅದರ ಸುತ್ತಲಿನ ಎಂಟು ಚೌಕಗಳನ್ನು ನೋಡಿದರೆ ಹೆಚ್ಚುಕಡಿಮೆ ಕೆಲಸ ಮುಗಿಯುತ್ತದೆ.

ಆದರೆ ಒಂದು ಛಾಯಾಚಿತ್ರವನ್ನೋ ಒಂದು ವಾಕ್ಯವನ್ನೋ ಎರಡು ಸಂಖ್ಯೆಗಳಲ್ಲಿ ಹಿಡಿದಿಡಲಾಗದು. ಈ ಕ್ಷೇತ್ರದವರು ಪರೀಕ್ಷೆಗೆ ಬಳಸುವ ಒಂದು ಪ್ರಸಿದ್ಧ ಸಂಗ್ರಹದಲ್ಲಿ ನೂರು ಕೋಟಿ ಬಿಂದುಗಳಿವೆ. ಒಂದೊಂದೂ ಯಾವುದೋ ಚಿತ್ರದ ಒಂದು ತುಣುಕು, ಒಂದೊಂದೂ 128 ಸಂಖ್ಯೆಗಳ ಪಟ್ಟಿ. ಇಂಥ ಪಟ್ಟಿಗೆ ವೆಕ್ಟರ್ ಎನ್ನುತ್ತಾರೆ. ಜಿಲ್ಲೆಗೆ ಹೂಡಿದ ಚೌಕದ ತಂತ್ರವನ್ನು ಇಲ್ಲಿಗೂ ತಂದರೆ, ಪ್ರತಿ ಆಯಾಮವನ್ನು ಬರೀ ಎರಡು ಭಾಗ ಮಾಡಿದರೂ ಚೌಕಗಳ ಲೆಕ್ಕ 39 ಅಂಕಿಗಳ ಸಂಖ್ಯೆಯಾಗುತ್ತದೆ. ಹೆಚ್ಚುಕಡಿಮೆ ಎಲ್ಲ ಚೌಕಗಳೂ ಖಾಲಿ, ನೋಡಬೇಕಾದ ಅಕ್ಕಪಕ್ಕದ ಚೌಕಗಳೋ ಎಣಿಕೆಗೆ ಮೀರಿದಷ್ಟು. ರಿಚರ್ಡ್ ಬೆಲ್‌ಮನ್ 1957ರಲ್ಲೇ ಇದಕ್ಕೆ ಆಯಾಮಗಳ ಶಾಪ ಎಂದು ಹೆಸರಿಟ್ಟಿದ್ದರು. ಉಳಿದ ದಾರಿಯೆಂದರೆ ಒಂದನ್ನೂ ಬಿಡದೆ ಎಲ್ಲವನ್ನೂ ಹೋಲಿಸುವುದು. ಒಂದೇ ಪ್ರಶ್ನೆಗೆ 12,800 ಕೋಟಿ ಗುಣಾಕಾರ! ಅಂಥ ಸಾವಿರಾರು ಪ್ರಶ್ನೆಗಳು ಪ್ರತಿ ಸೆಕೆಂಡಿಗೂ ಬರುತ್ತಿದ್ದರೆ ಈ ದಾರಿಯೂ ಮುಚ್ಚಿಹೋದಂತೆಯೇ.

ಹುಡುಕುವ ವೇಗದ ಕಥೆಗೆ ಹೋಗುವ ಮೊದಲು ಅಳತೆಯ ಕಥೆಯನ್ನು ಹೇಳಬೇಕು. ಹೆಚ್ಚಿನ ಬರಹಗಳಲ್ಲಿ ಇದು ಒಂದು ವಾಕ್ಯದಲ್ಲಿ ಮುಗಿದುಹೋಗುತ್ತದೆ, ಅದು ತಪ್ಪೆಂದು ನನ್ನ ಎಣಿಕೆ.

ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್ ಅವರನ್ನು ಸಂಖ್ಯಾಶಾಸ್ತ್ರದ ಲೋಕವೆಲ್ಲ ಬಲ್ಲದು. 1946ರಲ್ಲಿ ಅವರು ಕೇಂಬ್ರಿಜ್‌ಗೆ ಹೋದದ್ದು ಸುಡಾನಿನ ಜೆಬೆಲ್ ಮೋಯಾ ಎಂಬಲ್ಲಿ ಅಗೆದು ತೆಗೆದ ಪ್ರಾಚೀನ ಅಸ್ಥಿಗಳ ಅಳತೆಗಳನ್ನು ವಿಶ್ಲೇಷಿಸಲಿಕ್ಕೆ. ಈ ಜನ ಯಾವ ಜನರಿಗೆ ಹತ್ತಿರದವರು ಎಂಬುದು ಪ್ರಶ್ನೆ. ಅದಕ್ಕೆ ಅವರು ಬಳಸಿದ ಸಾಧನ ಪಿ. ಸಿ. ಮಹಾಲನೋಬಿಸ್ 1936ರಲ್ಲಿ ಪೂರ್ಣರೂಪ ಕೊಟ್ಟಿದ್ದ ಒಂದು ಹೊಸ ಅಂತರ. ತಲೆಬುರುಡೆಯ ಉದ್ದ ಹೆಚ್ಚಿದರೆ ಅಗಲವೂ ಸಾಮಾನ್ಯವಾಗಿ ಹೆಚ್ಚುತ್ತದೆ. ಹಾಗಿರುವಾಗ ಎರಡನ್ನೂ ಬಿಡಿಬಿಡಿಯಾಗಿ ಕೂಡಿಸಿದರೆ ಒಂದೇ ವ್ಯತ್ಯಾಸವನ್ನು ಎರಡು ಸಲ ಎಣಿಸಿದಂತಾಗುತ್ತದೆ. ಅಳತೆಗಳ ಒಳನಂಟನ್ನು ಕಳೆದು ಉಳಿದದ್ದನ್ನು ಮಾತ್ರ ಎಣಿಸುವುದು ಮಹಾಲನೋಬಿಸ್ ಅಂತರ. ಹತ್ತಿರ ಎನ್ನುವುದು ವಸ್ತುಗಳಲ್ಲಿ ತಾನಾಗಿ ಇರುವುದಿಲ್ಲ, ಯಾವ ಅಳತೆಗೆ ಎಷ್ಟು ತೂಕ ಎಂದು ಯಾರೋ ತೀರ್ಮಾನಿಸಿರುತ್ತಾರೆ. ಈ ಅರಿವು ನಮ್ಮ ದೇಶದಲ್ಲಿ ಕಂಪ್ಯೂಟರು ಕಾಲಿಡುವುದಕ್ಕೂ ಮುಂಚಿನದು.

ಅದು ಎಷ್ಟು ನಿಜ ಎಂಬುದನ್ನು ನಮ್ಮ ಊರುಗಳ ಹೆಸರುಗಳಲ್ಲೇ ಪರೀಕ್ಷಿಸಬಹುದು. 1996ರ ವಸಂತದಲ್ಲಿ ಆಲ್ಟಾವಿಸ್ಟಾ ಎಂಬ ಶೋಧಯಂತ್ರ ಒಟ್ಟುಹಾಕಿದ್ದ ಮೂರು ಕೋಟಿ ಜಾಲಪುಟಗಳಲ್ಲಿ ಒಂದಕ್ಕೊಂದು ನಕಲಿನಂತಿರುವ ಪುಟಗಳನ್ನು ಬೇರ್ಪಡಿಸಲು ಆಂಡ್ರೇ ಬ್ರೋಡರ್ ಮತ್ತು ಸಂಗಡಿಗರು ಒಂದು ಸರಳ ಉಪಾಯ ಹೂಡಿದರು. ಬರಹವನ್ನು ಸಣ್ಣ ಸಣ್ಣ ತುಣುಕುಗಳಾಗಿ ಒಡೆದು, ಎರಡರಲ್ಲೂ ಇರುವ ತುಣುಕುಗಳನ್ನು ಒಟ್ಟು ತುಣುಕುಗಳಿಂದ ಭಾಗಿಸುವುದು. ಅವರು ಪದಗಳ ತುಣುಕು ಮಾಡಿದರು, ನಾವು ಎರಡೆರಡು ಅಕ್ಷರಗಳ ತುಣುಕು ಮಾಡೋಣ. ‘ಹೊಳೆನರಸೀಪುರ’ದಲ್ಲಿ ಹೊಳೆ, ಳೆನ, ನರ, ರಸೀ, ಸೀಪು, ಪುರ ಎಂಬ ಆರು ಜೋಡಿಗಳು. ಅದನ್ನೇ ಕೆಲವರು ‘ಹೊಳೆನರಸಿಪುರ’ ಎಂದು ಹ್ರಸ್ವವಾಗಿ ಬರೆಯುತ್ತಾರೆ. ಆಗ ರಸೀ, ಸೀಪು ಹೋಗಿ ರಸಿ, ಸಿಪು ಬರುತ್ತವೆ. ಎರಡಕ್ಕೂ ಸಮಾನವಾದವು 4, ಒಟ್ಟು 8, ಸಾದೃಶ್ಯ 0.5. ಈಗ ಮೈಸೂರು ಜಿಲ್ಲೆಯ ಟಿ. ನರಸೀಪುರವನ್ನು ತೆಗೆದುಕೊಳ್ಳಿ. ಟಿನ, ನರ, ರಸೀ, ಸೀಪು, ಪುರ. ಹೊಳೆನರಸೀಪುರದೊಂದಿಗೆ ಸಮಾನವಾದವು 4, ಒಟ್ಟು 7, ಸಾದೃಶ್ಯ 0.57.

ಹೇಮಾವತಿಯ ದಡದ ಊರಿಗೆ ಅದರದೇ ಇನ್ನೊಂದು ಬರವಣಿಗೆಗಿಂತ, ಕಾವೇರಿ–ಕಪಿಲೆಯರ ಸಂಗಮದ ಬೇರೊಂದು ಊರು ಹೆಚ್ಚು ಹತ್ತಿರದ್ದು ಎಂದು ಯಂತ್ರ ಹೇಳುತ್ತದೆ. ಲೆಕ್ಕದಲ್ಲಿ ಒಂದಿಷ್ಟೂ ತಪ್ಪಿಲ್ಲ. ಹ್ರಸ್ವ ದೀರ್ಘಗಳ ವ್ಯತ್ಯಾಸಕ್ಕೆ ಕನ್ನಡದ ಓದುಗ ಕೊಡುವ ತೂಕ ಕಡಿಮೆ, ‘ಹೊಳೆ’ ಇದೆಯೋ ಇಲ್ಲವೋ ಎಂಬುದಕ್ಕೆ ಕೊಡುವ ತೂಕ ಹೆಚ್ಚು. ಆ ತಿಳಿವಳಿಕೆಯನ್ನು ಅಳತೆಯಲ್ಲಿ ಯಾರೂ ಸೇರಿಸಿಲ್ಲ, ಅಷ್ಟೇ. ಪಹಣಿಯಲ್ಲೋ ಪಡಿತರ ಪಟ್ಟಿಯಲ್ಲೋ ಎರಡು ದಾಖಲೆಗಳನ್ನು ಹೊಂದಿಸಬೇಕಾದಾಗ ಈ ಸೊನ್ನೆ ಬಿಂದು ಸೊನ್ನೆ ಏಳರ ಅಂತರ ಒಬ್ಬ ಮನುಷ್ಯನ ವಾರಗಟ್ಟಲೆಯ ಅಲೆದಾಟವಾಗಬಲ್ಲದು.

ಇನ್ನು ವೇಗ. 1998ರಲ್ಲಿ ಸ್ಟಾನ್‌ಫರ್ಡ್‌ನಲ್ಲಿ ಪೋಲೆಂಡಿನ ವಿದ್ಯಾರ್ಥಿ ಪ್ಯೋತ್ರ್ ಇಂಡಿಕ್ ಮತ್ತು ಜಮ್ಮುವಿನಲ್ಲಿ ಹುಟ್ಟಿದ ಪ್ರಾಧ್ಯಾಪಕ ರಾಜೀವ್ ಮೋಟ್ವಾನಿ ಒಂದು ಪ್ರಬಂಧ ಪ್ರಕಟಿಸಿದರು. ಅತಿ ಹತ್ತಿರದ್ದೇ ಬೇಕು ಎಂಬ ಹಟವನ್ನು ಬಿಟ್ಟುಬಿಡೋಣ ಎಂಬುದು ಅವರ ಪಟ್ಟು. ಅತಿ ಹತ್ತಿರದ್ದು ಎಷ್ಟು ದೂರದಲ್ಲಿದೆಯೋ ಅದರ ಒಂದೂವರೆ ಪಟ್ಟೋ ಎರಡು ಪಟ್ಟೋ ದೂರದೊಳಗಿನ ಯಾವುದಾದರೊಂದು ಸಿಕ್ಕರೂ ಸಾಕು ಎಂದುಕೊಂಡರೆ ಶಾಪ ಸಡಿಲವಾಗುತ್ತದೆ. ಹತ್ತಿರದವು ಒಂದೇ ಗೂಡಿಗೆ ಬೀಳುವ ಸಂಭವ ಹೆಚ್ಚಾಗಿಯೂ ದೂರದವು ಬೀಳುವ ಸಂಭವ ಕಡಿಮೆಯಾಗಿಯೂ ಇರುವಂಥ ಯಾದೃಚ್ಛಿಕ ವಿಂಗಡಣೆಗಳನ್ನು ಅವರು ಕಟ್ಟಿ ತೋರಿಸಿದರು. ಬ್ರೋಡರ್ ಅವರ ತುಣುಕುಗಳೂ ಇದೇ ಮನೆತನದವು. ಮೇಲಿನ ಎಂಟು ಜೋಡಿಗಳನ್ನು ಕಲಸಿ ಮೊದಲು ಕೈಗೆ ಬಂದದ್ದನ್ನು ನೋಡಿದರೆ, ಅದು ಎರಡೂ ಹೆಸರುಗಳಿಗೆ ಸೇರಿರುವ ಸಂಭವ ಸರಿಯಾಗಿ ಎಂಟರಲ್ಲಿ ನಾಲ್ಕು. ಸಾದೃಶ್ಯವೇ ಸಂಭವವಾಗಿ ಮಾರ್ಪಟ್ಟಿತು. ಬ್ರೋಡರ್, ಮೋಸೆಸ್ ಚಾರಿಕರ್ ಮತ್ತು ಇಂಡಿಕ್ ಮೂವರಿಗೂ 2012ರ ಪ್ಯಾರಿಸ್ ಕಾನೆಲಾಕಿಸ್ ಪ್ರಶಸ್ತಿ ಬಂದದ್ದು ಈ ಕೆಲಸಕ್ಕೆ. ಸಿದ್ಧಾಂತವು ಬಳಕೆಯ ಲೋಕವನ್ನು ಬದಲಿಸಿದಾಗ ಕೊಡುವ ಪ್ರಶಸ್ತಿ ಅದು. ಮೋಟ್ವಾನಿ 2009ರಲ್ಲೇ ತೀರಿಕೊಂಡಿದ್ದರು.

ಮುಂದಿನ ದೊಡ್ಡ ಹೆಜ್ಜೆಗಳಲ್ಲೊಂದು ಬೆಂಗಳೂರಿನದು. 2005ರಲ್ಲಿ ಆರಂಭವಾದ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾ ಎಂಬ ಪ್ರಯೋಗಾಲಯದಲ್ಲಿ ಹರ್ಷವರ್ಧನ ಸಿಂಹಾದ್ರಿ, ರವಿಶಂಕರ್ ಕೃಷ್ಣಸ್ವಾಮಿ, ಸುಹಾಸ್ ಜಯರಾಮ್ ಸುಬ್ರಮಣ್ಯ, ದೇವ್ರಿತ್ ಮತ್ತು ರೋಹನ್ ಕಾಡೆಕೋಡಿ 2019ರಲ್ಲಿ ಡಿಸ್ಕ್-ಎಎನ್‌ಎನ್ ಎಂಬ ವಿಧಾನವನ್ನು ಹೊರತಂದರು. ಅದರ ಹೃದಯದಲ್ಲಿರುವ ಕ್ರಮವಿಧಿಗೆ ಅವರಿಟ್ಟ ಹೆಸರು ವಾಮನ.

ಆ ಹೊತ್ತಿಗೆ ಗೂಡುಗಳ ಜೊತೆಗೆ ಜಾಲದ ವಿಧಾನವೂ ಬೆಳೆದು ನಿಂತಿತ್ತು. ಪ್ರತಿ ಬಿಂದುವೂ ಕೆಲವೇ ಬಿಂದುಗಳ ವಿಳಾಸ ಬಲ್ಲದು. ಪ್ರಶ್ನೆ ಬಂದಾಗ ಎಲ್ಲೋ ಒಂದು ಕಡೆ ನಿಂತು, ವಿಳಾಸ ಗೊತ್ತಿರುವವುಗಳಲ್ಲಿ ಗುರಿಗೆ ಯಾವುದು ಹೆಚ್ಚು ಸಮೀಪವೋ ಅಲ್ಲಿಗೆ ಜಿಗಿಯುವುದು, ಅಲ್ಲಿಂದ ಮತ್ತೆ ಹಾಗೆಯೇ. ಬಸ್ಸು ಬದಲಿಸುತ್ತಾ ಹೋದಂತೆ. ಯಾವ ಊರಿನಿಂದ ಯಾವ ಊರಿಗೆ ನೇರ ಬಸ್ಸು ಬಿಡಬೇಕು? ಎಲ್ಲ ಊರಿನಿಂದಲೂ ಎಲ್ಲ ಊರಿಗೂ ಬಿಡಲಾಗದು. ಅಕ್ಕಪಕ್ಕದ ಊರಿಗಷ್ಟೇ ಬಿಟ್ಟರೆ ದೂರದವರು ಹತ್ತಾರು ಕಡೆ ಇಳಿದು ಹತ್ತಬೇಕು.

ಚೀಟಿಯಲ್ಲಿ ಬರೆದಿಟ್ಟ ಊರುಗಳಿಗೆ ಬರೋಣ. ನಾವು ಚನ್ನರಾಯಪಟ್ಟಣದಲ್ಲಿದ್ದೇವೆ. ನೇರ ಗೆರೆಯಲ್ಲಿ ಹೊಳೆನರಸೀಪುರ ಸುಮಾರು 21 ಕಿ.ಮೀ., ಹಾಸನ 33, ಅರಕಲಗೂಡು 40. ಅತಿ ಸಮೀಪದ ಹೊಳೆನರಸೀಪುರಕ್ಕೆ ಮೊದಲು ಕೊಂಡಿ ಹಾಕುತ್ತೇವೆ. ಅರಕಲಗೂಡಿಗೂ ನೇರ ಕೊಂಡಿ ಬೇಕೇ? ಹೊಳೆನರಸೀಪುರ ತಲುಪಿದರೆ ಅಲ್ಲಿಂದ ಅರಕಲಗೂಡು 21 ಕಿ.ಮೀ. ಮಾತ್ರ. 40 ಇದ್ದದ್ದು 21ಕ್ಕೆ ಇಳಿದ ಮೇಲೆ ನೇರ ಕೊಂಡಿ ದಂಡ, ಬಿಟ್ಟುಬಿಡೋಣ. ಹಾಸನಕ್ಕೆ? ಹೊಳೆನರಸೀಪುರದಿಂದ ಹಾಸನ 29 ಕಿ.ಮೀ. 33ಕ್ಕಿಂತ 29 ಕಡಿಮೆಯೇ ತಾನೇ ಎಂದು ವಾಮನಕ್ಕೂ ಹಿಂದಿನ ಜಾಲಗಳ ನಿಯಮ ಈ ಕೊಂಡಿಯನ್ನೂ ಕತ್ತರಿಸುತ್ತದೆ. ಆದರೆ ಅದು ಎಂಥ ಲಾಭ! ಒಂದು ನಿಲ್ದಾಣ ಸುತ್ತಿದ ಮೇಲೂ ಉಳಿದ ದೂರ ಹೆಚ್ಚುಕಡಿಮೆ ಮೊದಲಿನಷ್ಟೇ.

ವಾಮನದ ಹೊಸತನ ಇರುವುದು ಇಲ್ಲಿ. ಅದು ಆಲ್ಫಾ ಎಂಬ ಒಂದು ಗುಣಕವನ್ನು ತಂದಿತು, ಅದರ ಬೆಲೆ 1.2 ಎಂದಿಟ್ಟುಕೊಳ್ಳಿ. ಮಧ್ಯದ ಊರಿನಿಂದ ಗುರಿಗಿರುವ ದೂರವನ್ನು 1.2ರಿಂದ ಗುಣಿಸಿದರೂ ನೇರ ದೂರಕ್ಕಿಂತ ಕಡಿಮೆ ಬಂದರೆ ಮಾತ್ರ ಕೊಂಡಿಯನ್ನು ಕತ್ತರಿಸು ಎನ್ನುತ್ತದೆ ನಿಯಮ. ಅರಕಲಗೂಡಿಗೆ 21 ಗುಣಿಸು 1.2, ಅಂದರೆ ಸುಮಾರು 25. ಅದು 40ಕ್ಕಿಂತ ಬಹಳ ಕಡಿಮೆ, ಕೊಂಡಿ ಬೇಡ. ಹಾಸನಕ್ಕೆ 29 ಗುಣಿಸು 1.2, ಅಂದರೆ ಸುಮಾರು 35. ಅದು 33ನ್ನು ಮೀರಿತು, ಕೊಂಡಿ ಉಳಿಯಿತು. ನೆಲದ ಮೇಲೂ ಚನ್ನರಾಯಪಟ್ಟಣದಿಂದ ಹಾಸನಕ್ಕೆ ಬೆಂಗಳೂರು–ಮಂಗಳೂರು ಹೆದ್ದಾರಿ ನೇರವಾಗಿಯೇ ಹೋಗುತ್ತದೆ, ಹೊಳೆನರಸೀಪುರವನ್ನು ಸುತ್ತಿ ಬರುವುದಿಲ್ಲ. ಈ ಚಿಕ್ಕ ಗುಣಕದಿಂದ ಪ್ರತಿ ಜಿಗಿತದಲ್ಲೂ ಉಳಿದ ದೂರ ಒಂದು ನಿಶ್ಚಿತ ಪಾಲಿನಷ್ಟು ಕುಗ್ಗುತ್ತಾ ಹೋಗುವಂತೆ ಜಾಲವನ್ನು ಹೆಣೆಯಬಹುದು. ಜಿಗಿತಗಳ ಸಂಖ್ಯೆ ಕಡಿಮೆಯಾಗುತ್ತದೆ.

ಜಿಗಿತ ಕಡಿಮೆಯಾಗುವುದು ಅಷ್ಟೊಂದು ಮುಖ್ಯವೇಕೆ? ಉತ್ತರ ಯಂತ್ರದ ಬೆಲೆಯಲ್ಲಿದೆ. ನೂರು ಕೋಟಿ ಬಿಂದುಗಳಲ್ಲಿ ಒಂದೊಂದಕ್ಕೂ 64 ಕೊಂಡಿ, ಒಂದು ಕೊಂಡಿಗೆ 4 ಬೈಟ್ ಎಂದರೆ ಜಾಲವೊಂದೇ 256 ಗಿಗಾಬೈಟ್. ಬಿಂದುಗಳ ಸಂಖ್ಯೆಗಳು ಇದರ ಮೇಲೆ. ಅಂದಿನ ಜಾಲವಿಧಾನಗಳಿಗೆ ಇದೆಲ್ಲವೂ ಕಂಪ್ಯೂಟರಿನ ಕೆಲಸದ ನೆನಪಿನಲ್ಲೇ, ಅಂದರೆ ರ‍್ಯಾಮ್‌ನಲ್ಲೇ ಇರಬೇಕಿತ್ತು. ರ‍್ಯಾಮ್ ದುಬಾರಿ. ಆದ್ದರಿಂದ ದತ್ತಾಂಶವನ್ನು ಹತ್ತಾರು ಯಂತ್ರಗಳಿಗೆ ಹಂಚಿ, ಪ್ರತಿ ಪ್ರಶ್ನೆಯನ್ನೂ ಎಲ್ಲ ಯಂತ್ರಗಳಿಗೂ ಕಳಿಸುವುದು ರೂಢಿಯಾಗಿತ್ತು. ಬೆಂಗಳೂರಿನ ತಂಡ ಜಾಲವನ್ನೂ ಪೂರ್ಣ ವೆಕ್ಟರುಗಳನ್ನೂ ಅಗ್ಗದ ಎಸ್‌ಎಸ್‌ಡಿ ಡಿಸ್ಕಿಗೆ ಇಳಿಸಿತು. ರ‍್ಯಾಮ್‌ನಲ್ಲಿ ಉಳಿಸಿಕೊಂಡದ್ದು ಪ್ರತಿ ಬಿಂದುವಿನ ಹಿಂಡಿದ ರೂಪವನ್ನು ಮಾತ್ರ. ಡಿಸ್ಕಿನಿಂದ ಒಮ್ಮೆ ಓದಲು ಹಿಡಿಯುವ ಸಮಯ ರ‍್ಯಾಮ್‌ನಿಂದ ಓದುವುದಕ್ಕಿಂತ ನೂರಾರು ಪಟ್ಟು ಹೆಚ್ಚು. ಅದಕ್ಕಾಗಿಯೇ ಜಿಗಿತ ಕಡಿಮೆಯಿರಬೇಕು. ಬಿಂದುವಿನ ಸಂಖ್ಯೆಗಳನ್ನೂ ಅದರ ಕೊಂಡಿಗಳ ಪಟ್ಟಿಯನ್ನೂ ಡಿಸ್ಕಿನಲ್ಲಿ ಒಂದೇ ಕಡೆ ಇಟ್ಟರು, ಒಮ್ಮೆ ಓದಿದರೆ ಎರಡೂ ಸಿಗುತ್ತವೆ. ದಾರಿ ಹುಡುಕುವಾಗ ಹಿಂಡಿದ ರೂಪದ ಅಂದಾಜು, ಕೊನೆಯ ಆಯ್ಕೆಗೆ ಡಿಸ್ಕಿನಲ್ಲಿರುವ ನಿಖರ ಸಂಖ್ಯೆ.

ಫಲಿತಾಂಶ ಹೀಗಿತ್ತು. 64 ಗಿಗಾಬೈಟ್ ರ‍್ಯಾಮ್ ಇರುವ ಒಂದೇ ಯಂತ್ರದಲ್ಲಿ ನೂರು ಕೋಟಿ ಬಿಂದುಗಳು, ಸೆಕೆಂಡಿಗೆ 5,000ಕ್ಕೂ ಹೆಚ್ಚು ಪ್ರಶ್ನೆಗಳು, ಸರಾಸರಿ 3 ಮಿಲಿಸೆಕೆಂಡಿನೊಳಗೆ ಉತ್ತರ, ನೂರರಲ್ಲಿ 95ಕ್ಕೂ ಹೆಚ್ಚು ಸಲ ನಿಜವಾದ ಅತಿ ಹತ್ತಿರದ ಬಿಂದುವೇ ಉತ್ತರ.

ಸಂಶೋಧನೆಯ ಪ್ರಭಾವವನ್ನು ಅಳೆಯಲು ಇಂದು ಉಲ್ಲೇಖಗಳನ್ನು ಎಣಿಸುತ್ತಾರೆ. 2005ರಲ್ಲಿ ಹೋರ್ಹೆ ಹರ್ಷ್ ಸೂಚಿಸಿದ ಎಚ್-ಸೂಚ್ಯಂಕವಂತೂ ನೇಮಕಾತಿ ಬಡ್ತಿಗಳಲ್ಲೂ ಹೊಕ್ಕಿದೆ. ಅದೂ ಅಕ್ಷಾಂಶದಂತೆ ಒಂದೇ ಸಂಖ್ಯೆ. ಸಿಂಹಾದ್ರಿ ಮತ್ತು ಸಂಗಡಿಗರ ಕೆಲಸವನ್ನು ನಾನು ಬೇರೆ ಮೂರು ಕಡೆಗಳಿಂದ ನೋಡುತ್ತೇನೆ. ಮೊದಲನೆಯದು, ಅವರು ಕೋಡ್ ಅನ್ನು ಎಲ್ಲರಿಗೂ ತೆರೆದಿಟ್ಟರು. ಬರೀ ಹುಡುಕುವುದಲ್ಲ, ಹುಡುಕಾಟ ನಡೆದಿರುವಾಗಲೇ ಹೊಸ ಬಿಂದುಗಳು ಸೇರುತ್ತ ಹಳೆಯವು ಅಳಿಯುತ್ತ ಇದ್ದರೂ ಜಾಲ ಕೆಡದಂತೆ ನೋಡಿಕೊಳ್ಳುವ ಮುಂದಿನ ರೂಪವನ್ನು 2021ರಲ್ಲಿ ಕೊಟ್ಟರು. ಈಗ ಈ ವಿಧಾನ ಮೈಕ್ರೋಸಾಫ್ಟಿನ ಕಾಸ್ಮಾಸ್ ಡಿಬಿಯಂಥ ದತ್ತಕೋಶಗಳ ಒಳಗೇ ಕೂತಿದೆ. ಅದನ್ನು ಬಳಸುವವರು ಪ್ರಬಂಧದ ಹೆಸರನ್ನೂ ಕೇಳಿರಲಾರರು, ಉಲ್ಲೇಖದ ಎಣಿಕೆಗೆ ಅವರು ಸಿಗುವುದೂ ಇಲ್ಲ. ಎರಡನೆಯದು, 2021ರಲ್ಲಿ ನ್ಯೂರಿಪ್ಸ್ ಸಮ್ಮೇಳನದ ಭಾಗವಾಗಿ ಅವರು ಇತರರೊಡನೆ ಸೇರಿ ನೂರು ಕೋಟಿ ಬಿಂದುಗಳ ಬಹಿರಂಗ ಸ್ಪರ್ಧೆಯನ್ನು ಏರ್ಪಡಿಸಿದರು. ತಮ್ಮ ವಿಧಾನವನ್ನು ಮೀರಿಸಿ ತೋರಿಸಿ ಎಂದು ದತ್ತಾಂಶವನ್ನೂ ಅಳತೆಗೋಲನ್ನೂ ಜಗತ್ತಿನ ಮುಂದಿಟ್ಟರು. ಇದು ನನಗೆ ಬಹಳ ಇಷ್ಟವಾದ ನಡೆ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಜಾಲವಿಧಾನಗಳು ಪ್ರಯೋಗದಲ್ಲಿ ಚೆನ್ನಾಗಿ ಓಡುತ್ತವೆ, ಆದರೆ ಅವು ಎಂದೂ ಕೈಕೊಡವು ಎಂಬ ಖಾತರಿ ಇರಲಿಲ್ಲ. 2023ರಲ್ಲಿ ಅದೇ ಪ್ಯೋತ್ರ್ ಇಂಡಿಕ್, ಈಗ ಎಂಐಟಿಯ ಪ್ರಾಧ್ಯಾಪಕರು, ಹೈಕೆ ಶು ಅವರ ಜೊತೆಗೂಡಿ ಈ ವಿಧಾನಗಳನ್ನು ಗಣಿತದ ಒರೆಗೆ ಹಚ್ಚಿದರು. ಪ್ರಸಿದ್ಧ ವಿಧಾನಗಳಲ್ಲಿ ಹಲವಕ್ಕೆ, ಬಿಂದುಗಳು ಹೆಚ್ಚಿದಷ್ಟೂ ಅದೇ ಅನುಪಾತದಲ್ಲಿ ತಡಕಾಟವೂ ಹೆಚ್ಚುವಂಥ ಕೆಟ್ಟ ದತ್ತಾಂಶಗಳನ್ನು ಕಟ್ಟಿ ತೋರಿಸಿದರು. ಡಿಸ್ಕ್-ಎಎನ್‌ಎನ್‌ನ ಅವಸರದಲ್ಲಿ ಕಟ್ಟುವ ರೂಪವೂ ಆ ಪಟ್ಟಿಯಲ್ಲಿತ್ತು. ಆದರೆ ನಿಧಾನವಾಗಿ, ಎಲ್ಲ ಬಿಂದುಗಳನ್ನೂ ಪರಿಗಣಿಸಿ ಕಟ್ಟುವ ರೂಪಕ್ಕೆ ಖಾತರಿ ಇದೆಯೆಂದು ಸಾಧಿಸಿದರು. ದತ್ತಾಂಶದ ಒಳ ಆಯಾಮ, ಅಂದರೆ ಅದು ನಿಜಕ್ಕೂ ಹರಡಿಕೊಂಡಿರುವ ದಿಕ್ಕುಗಳ ಸಂಖ್ಯೆ, ಮಿತವಾಗಿದ್ದರೆ ಅದು ಬೇಗನೆ, ನಿಶ್ಚಿತ ಅಂದಾಜಿನೊಳಗಿನ ಉತ್ತರವನ್ನೇ ಕೊಡುತ್ತದೆ. ಅದರ ಹಿಂದಿರುವುದು ನಾವು ಚನ್ನರಾಯಪಟ್ಟಣದಲ್ಲಿ ಗುಣಿಸಿ ನೋಡಿದ ಅದೇ ಆಲ್ಫಾ. ಕ್ಷೇತ್ರಕ್ಕೆ ತಳಪಾಯ ಹಾಕಿದವರೇ ಬೆಂಗಳೂರಿನವರು ಕಟ್ಟಿದ್ದರ ಒಳಗುಟ್ಟನ್ನು ಬಿಡಿಸಲು ಕೂತದ್ದಕ್ಕಿಂತ ಮಿಗಿಲಾದ ಮನ್ನಣೆ ನನಗೆ ತೋಚುವುದಿಲ್ಲ.

ಹೀಗೆ ಹುಡುಕುವ ಖರ್ಚು ಇಳಿಯಿತು. ಅಳತೆಯ ಮಾತು ಇನ್ನೂ ಬಾಕಿಯಿದೆ, ಅದು ನೇರವಾಗಿ ಹಾಸನದ ಹೊಲಗಳಿಗೆ ಬರುತ್ತದೆ. ಹಾಸನ ಆಲೂಗಡ್ಡೆಯ ಜಿಲ್ಲೆ. ಇಲ್ಲಿ ಮುಂಗಾರಿನಲ್ಲಿ, ಮಳೆಯನ್ನೇ ನಂಬಿ ಆಲೂಗಡ್ಡೆ ಹಾಕುತ್ತಾರೆ. ಮೋಡ ಮುಸುಕಿ, ತಂಪು ಹಿಡಿದು, ಎಲೆಯ ಮೇಲಿನ ನೀರು ಆರದೆ ನಿಂತರೆ ಅಂಗಮಾರಿ ರೋಗ ಕೆಲವೇ ದಿನಗಳಲ್ಲಿ ಹೊಲವನ್ನೇ ಕಪ್ಪಾಗಿಸುತ್ತದೆ. ರೈತ ಎಲೆಯ ಚಿತ್ರ ತೆಗೆದು ಕಳಿಸಿದರೆ, ಅದೇ ತರಹದ ಹಳೆಯ ಚಿತ್ರಗಳನ್ನು ಹುಡುಕಿ, ಆಗ ಏನಾಗಿತ್ತು, ಯಾವ ಔಷಧ ಹಿಡಿಯಿತು ಎಂದು ಹೇಳುವುದು ಸಾದೃಶ್ಯ ಹುಡುಕಾಟಕ್ಕೆ ಹೇಳಿ ಮಾಡಿಸಿದ ಕೆಲಸ. ದೊಡ್ಡ ಕಂಪನಿಯೇ ಮಾಡಬೇಕಾಗಿಲ್ಲ, ಒಂದು ಕೃಷಿ ಕಾಲೇಜಿನ ಒಂದು ಯಂತ್ರ ಸಾಕು.

ಆದರೆ ಎಲೆಯ ಚಿತ್ರ ವೆಕ್ಟರ್ ಆಗುವುದು ಹೇಗೆ? ಅದನ್ನು ಮಾಡುವುದು ಚಿತ್ರಗಳನ್ನು ನೋಡಿ ನೋಡಿ ಕಲಿತ ಒಂದು ನರಜಾಲ. ಪ್ಲಾಂಟ್‌ವಿಲೇಜ್ ಎಂಬ ಪ್ರಸಿದ್ಧ ಸಂಗ್ರಹದಲ್ಲಿ 14 ಬೆಳೆಗಳ, 26 ರೋಗಗಳ 54,306 ಚಿತ್ರಗಳಿವೆ, ಆಲೂಗಡ್ಡೆಯ ಅಂಗಮಾರಿಯೂ ಇದೆ. 2016ರಲ್ಲಿ ಮೊಹಾಂತಿ, ಹ್ಯೂಸ್ ಮತ್ತು ಸಲಾತೆ ಇದರ ಮೇಲೆ ಕಲಿಸಿದ ನರಜಾಲ ಅದೇ ಸಂಗ್ರಹದ ಬೇರೆ ಚಿತ್ರಗಳನ್ನು ಶೇ. 99.35ರಷ್ಟು ಸರಿಯಾಗಿ ಗುರುತಿಸಿತು. ಬೇರೆ ಕಡೆ, ಬೇರೆ ಸನ್ನಿವೇಶದಲ್ಲಿ ತೆಗೆದ ಚಿತ್ರಗಳನ್ನು ಕೊಟ್ಟಾಗ ನಿಖರತೆ ಶೇ. 31ರ ಆಸುಪಾಸಿಗೆ ಕುಸಿಯಿತು. ಆ ಸಂಗ್ರಹದ ಎಲೆಗಳು ಗಿಡದಿಂದ ಕಿತ್ತು, ಸಾದಾ ಹಿನ್ನೆಲೆಯ ಮೇಲಿಟ್ಟು ತೆಗೆದವು. ಕೆಂಪು ಮಣ್ಣು, ಕಳೆ, ಇಬ್ಬನಿ, ನೆರಳು ಅವುಗಳಲ್ಲಿಲ್ಲ. ಆ ಪ್ರಯೋಗ ನಡೆದದ್ದು ವಿಂಗಡಣೆಗೆ, ಹುಡುಕಾಟಕ್ಕಲ್ಲ. ಆದರೆ ಚಿತ್ರವನ್ನು ಸಂಖ್ಯೆಯಾಗಿಸುವ ಯಂತ್ರ ಎರಡರಲ್ಲೂ ಒಂದೇ ಬಗೆಯದು. ಅದು ಮಣ್ಣಿನ ಬಣ್ಣವನ್ನು ರೋಗದ ಬಣ್ಣವೆಂದು ತಿಳಿದರೆ, ಮೂರು ಮಿಲಿಸೆಕೆಂಡಿನಲ್ಲಿ ಸಿಗುವ ನೆರೆಮನೆ ತಪ್ಪು ಊರಿನದಾಗಿರುತ್ತದೆ.

ಭಾಷೆಯಲ್ಲೂ ಹೀಗೆಯೇ. ‘ಎಲೆ ಸುಟ್ಟಂಗೆ ಕರ‍್ರಗಾಗ್ತೈತೆ’ ಎಂದು ಅರಕಲಗೂಡಿನ ರೈತ ಫೋನಿನಲ್ಲಿ ಹೇಳುವ ಮಾತಿಗೂ ‘ಅಂಗಮಾರಿ ರೋಗದ ಹತೋಟಿ’ ಎಂಬ ಕೈಪಿಡಿಯ ಶೀರ್ಷಿಕೆಗೂ ಸಮಾನವಾದ ಒಂದು ಪದವೂ ಇಲ್ಲ. ಅವೆರಡನ್ನೂ ಹತ್ತಿರ ತರಬೇಕಾದದ್ದು ಅರ್ಥದ ವೆಕ್ಟರ್. ಗೂಗಲ್ ಹೊರತಂದ ಮುರಿಲ್‌ನಂಥ ಮಾದರಿಗಳು ಕನ್ನಡವನ್ನೂ ಕಲಿತಿವೆ. ಆದರೆ ಇಂಥ ಮಾದರಿಗಳು ಕಲಿಯುವುದು ಬರಹದಿಂದ, ಮತ್ತು ಬರಹದಲ್ಲಿರುವುದು ಬಹುಪಾಲು ಗ್ರಂಥಸ್ಥ ಕನ್ನಡ. ಹಾಸನ ಸೀಮೆಯ ಆಡುಮಾತು ಬರಹಕ್ಕೆ ಇಳಿಯದ ಹೊರತು ಅದಕ್ಕೆ ಅಲ್ಲಿ ಸರಿಯಾದ ವಿಳಾಸವಿರುವುದಿಲ್ಲ.

ಬೆಂಗಳೂರಿನ ತಂಡ 2023ರಲ್ಲಿ ಪ್ರಕಟಿಸಿದ ಇನ್ನೊಂದು ವಿಧಾನ ಈ ರೈತನ ಪ್ರಶ್ನೆಗೆ ಬಹಳ ಹತ್ತಿರದ್ದು. ಅತಿ ಹತ್ತಿರದ ಚಿತ್ರ ಬೇಕು, ಆದರೆ ಹಾಸನ ಜಿಲ್ಲೆಯದೇ, ಮುಂಗಾರಿನದೇ ಆಗಿರಬೇಕು ಎಂಬಂಥ ಷರತ್ತಿನ ಹುಡುಕಾಟ ಅದು. ಮೊದಲು ಹುಡುಕಿ ಆಮೇಲೆ ಸೋಸಿದರೆ, ಸಿಕ್ಕ ನೂರೂ ಪಂಜಾಬಿನ ಚಳಿಗಾಲದ ಎಲೆಗಳಾಗಿ ಕೈ ಖಾಲಿಯಾಗಬಹುದು. ಅದಕ್ಕೆ ಅವರು ಜಾಲವನ್ನು ಹೆಣೆಯುವಾಗಲೇ ಪ್ರತಿ ಬಿಂದುವಿನ ಹಣೆಪಟ್ಟಿಯನ್ನೂ ಗಣನೆಗೆ ತಂದರು. ಒಂದೇ ಹಣೆಪಟ್ಟಿಯವು ಎಷ್ಟೇ ಕಡಿಮೆಯಿದ್ದರೂ ಒಂದರಿಂದ ಇನ್ನೊಂದಕ್ಕೆ ದಾರಿ ಉಳಿಯುವಂತೆ ಕೊಂಡಿಗಳನ್ನು ಕತ್ತರಿಸುವ ನಿಯಮವನ್ನು ತಿದ್ದಿದರು. ‘ಹಾಸನ, ಮುಂಗಾರು, ಆಲೂಗಡ್ಡೆ’ ಎಂಬ ಹಣೆಪಟ್ಟಿಗೆ ಜಾಲದಲ್ಲಿ ಜಾಗ ಸಿದ್ಧವಾಗಿದೆ. ಆ ಹಣೆಪಟ್ಟಿ ಹೊತ್ತ ಚಿತ್ರಗಳನ್ನು ತೆಗೆಯಬೇಕಾದದ್ದು ಇಲ್ಲಿನ ಹೊಲಗಳಲ್ಲಿ, ಮಳೆಯ ದಿನಗಳಲ್ಲಿ, ರೋಗವನ್ನು ಕಣ್ಣಾರೆ ಕಂಡು ಹೆಸರು ಹೇಳಬಲ್ಲವರ ಜೊತೆ ನಿಂತು.